ಬಾಗಿಲಿನ ಎದುರು ಗೋಡೆ

ಅರಬೈಲ್
6 ನವೆಂಬರ್ 2024

ಶೈಲಾ ಮೇಡಂ ಅವರಿಗೆ ನಮಸ್ಕಾರ.

ದೀಪಾವಳಿ ಮುಗಿದ ವಾರದಲ್ಲೇ ಟಿವಿ ಯುನಿಟ್ಟಿನ ಡ್ರಾಯಿಂಗ್ ಕಳಿಸುತ್ತೇನೆ ಎಂದಿದ್ದೆ. ಈ ಕವರಿನಲ್ಲಿದೆ, ಬಿಚ್ಚಿ ನೋಡಿ. ಯಲ್ಲಾಪುರದಿಂದ ಶಿರಸಿಗೆ ಬರುವ ಬೆಳಗಿನ ಬಸ್ಸಿನ ಕಂಡಕ್ಟರ ಕೈಲಿ ಕೊಡುತ್ತಿದ್ದೇನೆ. ನಿಮ್ಮ ಪಾತ್ರೆ ಅಂಗಡಿ ಅವರಿಗೆ ಚೆನ್ನಾಗಿ ಗೊತ್ತಂತೆ, ತಂಗಿಯ ಮದುವೆಗೆ ಹಂಡೆ ಕೊಂಡದ್ದು ಅಲ್ಲೇ ಅಂದರು. ಫೋನಿಗೇ ಕಳಿಸಬಹುದಿತ್ತು. ಆದರೆ ನಮ್ಮ ಈ ಘಟ್ಟದಲ್ಲಿ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಅಲ್ಲದೆ ನಾನು ಅಳತೆಗೆ ಬಂದ ದಿನ ನೀವೇ ಗೇಟಿನವರೆಗೆ ಬಂದು, ‘ಫೋನ್ ಮಾಡಬೇಡಿ, ಏನಿದ್ದರೂ ಬರೆದು ಕಳಿಸಿ’ ಎಂದಿರಿ. ಯಾಕೆಂದು ನಾನು ಕೇಳಲಿಲ್ಲ. ಬರೆಯುವುದು ನನಗೂ ಇಷ್ಟವೇ.

ಈಗ ಕೆಲಸದ ಮಾತು. ನಿಮ್ಮ ಹಾಲಿಗೆ ನಾಲ್ಕು ಗೋಡೆ ಇದ್ದರೂ ಟಿವಿಗೆ ಸಿಗುವುದು ಎರಡೇ. ಒಂದರಲ್ಲಿ ದೇವರ ಕೋಣೆಯ ಬಾಗಿಲು, ಇನ್ನೊಂದರಲ್ಲಿ ಕಿಟಕಿಗಳು. ಉಳಿದದ್ದು ಈಗ ಟಿವಿ ಇರುವ ತಲೆಬಾಗಿಲ ಪಕ್ಕದ ಗೋಡೆ, ಮತ್ತೆ ಅದಕ್ಕೆ ಎದುರಾಗಿರುವ ಒಳಗಿನ ಗೋಡೆ. ಬಾಗಿಲ ಪಕ್ಕದಿಂದ ಟಿವಿಯನ್ನು ಎಬ್ಬಿಸಲೇಬೇಕು ಮೇಡಂ. ನಿಮ್ಮ ತಲೆಬಾಗಿಲು ಪಶ್ಚಿಮಕ್ಕಿದೆ. ಸಂಜೆ ಬಿಸಿಲು ನೇರವಾಗಿ ಟಿವಿ ನೋಡುವವರ ಕಣ್ಣಿಗೇ ಬರುತ್ತದೆ. ನಿಮ್ಮ ಅತ್ತೆಯವರು ಅಷ್ಟು ಹೊತ್ತೂ ಆ ಬಿಸಿಲಿಗೆ ಮುಖ ಕೊಟ್ಟು ಕೂತದ್ದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಹಾಗಾಗಿ ಯುನಿಟ್ಟನ್ನು ಎದುರು ಗೋಡೆಗೆ ಬರೆದಿದ್ದೇನೆ. ಕುರ್ಚಿಯಲ್ಲಿ ಕೂತ ಅತ್ತೆಯವರ ಕಣ್ಣಿನ ಎತ್ತರಕ್ಕೆ ಟಿವಿಯ ಮಧ್ಯಭಾಗ ಬರುವಂತೆ ನೋಡಿಕೊಂಡಿದ್ದೇನೆ. ಕತ್ತು ಎತ್ತುವ ಕಷ್ಟವಿಲ್ಲ.

ಎದುರು ಗೋಡೆಗೆ ಒಂದೇ ತೊಂದರೆ, ಅದನ್ನೂ ಮುಚ್ಚಿಡುವುದಿಲ್ಲ. ಟಿವಿ ಆರಿಸಿದಾಗ ಅದರ ಕಪ್ಪು ಗಾಜಿನಲ್ಲಿ ಬಾಗಿಲು ಪೂರ್ತಿ ಕಾಣುತ್ತದೆ. ಸಂಜೆ ಹೊತ್ತು ಟಿವಿ ಹಾಕಿದ್ದಾಗಲೂ ಚಿತ್ರದ ಮೇಲೆ ಬಾಗಿಲಿನ ಬೆಳಕು ಕೂರುತ್ತದೆ. ತಲೆಬಾಗಿಲಿಗೆ ಒಂದು ದಪ್ಪ ಕರ್ಟನ್ ಹಾಕಿದರೆ ಮುಗಿಯಿತು.

ಎಡಗಡೆಯ ಕಪಾಟಿನ ಮೇಲೆ ಯಜಮಾನರ ಫೋಟೋಕ್ಕೆ ಒಂದು ಗೂಡು ಬಿಟ್ಟಿದ್ದೇನೆ. ಈಗಿನ ಹಾಗೆ ಫ್ರಿಜ್ಜಿನ ಮೇಲೆ ಇಡುವಂಥ ಫೋಟೋ ಅಲ್ಲ ಅದು. ದೇವರ ಕೋಣೆಯ ಪಕ್ಕ ನಿಮ್ಮ ಮಾವನವರ ಫೋಟೋಕ್ಕೆ ಇರುವ ಹಾಗೆ ಇದಕ್ಕೂ ಸಣ್ಣ ದೀಪದ ಪಾಯಿಂಟ್ ಕೊಟ್ಟಿದ್ದೇನೆ, ವೈರು ಒಳಗಿನಿಂದಲೇ ಹೋಗುತ್ತದೆ. ನೀವು ಹೇಳಿರಲಿಲ್ಲ. ಕೇಳಲು ಸಂಕೋಚವಾಯಿತು, ನಾನೇ ಬರೆದೆ.

ನೋಡಿ ತಿಳಿಸಿ.

ಇತಿ,
ಅಭಿಜ್ಞಾ


ಶಿರಸಿ
11 ನವೆಂಬರ್ 2024

ಅಭಿಜ್ಞಾ ಅವರಿಗೆ ಶೈಲಾ ಮಾಡುವ ಶರಣು.

ಡ್ರಾಯಿಂಗ್ ತಲುಪಿತು. ಚೆನ್ನಾಗಿದೆ. ಕೆಳಗಿನ ಡ್ರಾವರುಗಳು ಮೂರರ ಬದಲು ಎರಡು ಸಾಕು, ನಮ್ಮಲ್ಲಿ ಒಳಗಿಡುವ ಸಾಮಾನು ಹೆಚ್ಚಿಲ್ಲ. ಬಣ್ಣ ತೀರಾ ಕಡು ಬೇಡ, ಧೂಳು ಕಾಣುತ್ತದೆ.

ಗೋಡೆ ಮಾತ್ರ ಬದಲಿಸಬೇಡಿ. ಟಿವಿ ಈಗ ಎಲ್ಲಿದೆಯೋ ಅಲ್ಲೇ ಇರಲಿ, ಬಾಗಿಲ ಪಕ್ಕದಲ್ಲೇ. ಅತ್ತೆಗೆ ಅದು ರೂಢಿ. ಬಿಸಿಲು ಅವರಿಗೆ ಏನೂ ಮಾಡುವುದಿಲ್ಲ. ಅವರು ಟಿವಿಯ ಧ್ವನಿಯನ್ನೂ ಪೂರ್ತಿ ಸಣ್ಣಗೆ ಮಾಡಿಕೊಂಡು ನೋಡುತ್ತಾರೆ. ಯಾವ ಧಾರಾವಾಹಿ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಅದೂ ರೂಢಿ.

ಸಂಕ್ರಾಂತಿ ಕಳೆದ ಮೇಲೆ ಸಿದ್ದಾಪುರದಿಂದ ಬೀಗರಾಗುವವರು ಬರುತ್ತಾರೆ, ಮಗಳು ತನುಜಾಳ ಮಾತು ಗಟ್ಟಿ ಮಾಡಲು. ಅಷ್ಟರೊಳಗೆ ಹಾಲು ಒಂದು ರೀತಿಗೆ ಬರಬೇಕು. ಹಳೇ ಶೋಕೇಸು ನೋಡಿದರೆ ನನಗೇ ಸಾಕೆನಿಸುತ್ತದೆ.

ಇತಿ,
ಶೈಲಾ


ಅರಬೈಲ್
14 ನವೆಂಬರ್ 2024

ಶೈಲಾ ಮೇಡಂ,

ಡ್ರಾವರ್ ಎರಡು ಮಾಡಿದೆ. ಬಣ್ಣ ತಿಳಿ ಮಾಡಿದೆ. ಗೋಡೆಯ ವಿಷಯದಲ್ಲಿ ಮಾತ್ರ ಇನ್ನೊಂದು ಸಲ ಜಗಳ ಆಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ವಾಸ್ತುವಿನ ಕಾರಣವೇ? ಹಾಗಿದ್ದರೆ ಧೈರ್ಯವಾಗಿ ಹೇಳಿ. ಟಿವಿಗೆ ಯಾವ ವಾಸ್ತುವೂ ಇಲ್ಲ, ಇದ್ದರೂ ಅದನ್ನು ಈಚೆಗೆ ಯಾರೋ ಹುಟ್ಟಿಸಿದ್ದು. ಬಾಗಿಲ ಪಕ್ಕದ ಗೋಡೆ ಅಗಲದಲ್ಲೂ ಕಡಿಮೆ. ಅಲ್ಲಿ ಮಾಡಿದರೆ ಬಾಗಿಲು ತೆರೆದಾಗಲೆಲ್ಲ ಕದ ಕಪಾಟಿಗೆ ಬಡಿಯುತ್ತದೆ, ಫೋಟೋದ ಗೂಡಿಗೆ ಜಾಗವೇ ಸಿಗುವುದಿಲ್ಲ. ನಮ್ಮ ಮೇಸ್ತ್ರಿ ಮಂಜಪ್ಪ ಡ್ರಾಯಿಂಗ್ ನೋಡಿ, ‘ಇದ್ನ ಬಾಗ್ಲ ಹತ್ರ ಮಾಡಿ ಅಂದ್ರೆ ಮಾಡ್ಬಹುದು, ಆಮೇಲೆ ಬೈಯೋದು ನನ್ನನ್ನೇ’ ಎಂದರು. ಅತ್ತೆಯವರಿಗೆ ಹೊಸ ಜಾಗ ವಾರದಲ್ಲಿ ರೂಢಿಯಾಗುತ್ತದೆ. ನೀವು ಒಮ್ಮೆ ಕೇಳಿ ನೋಡಿ.

ಇನ್ನೊಂದು ಮಾತು, ಕೆಲಸದ್ದಲ್ಲ. ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ಯಜಮಾನರು ಹೋದ ಮೇಲೂ ನೀವು ಕುಂಕುಮ, ತಾಳಿ ಬಿಡದೆ, ಅಂಗಡಿಯ ಗಲ್ಲೆಯಲ್ಲಿ ಕೂತು ವ್ಯಾಪಾರ ಮಾಡುವುದನ್ನು ನೋಡಿ ನನಗೆ ನಿಮ್ಮ ಮೇಲೆ ತುಂಬಾ ಗೌರವ ಬಂತು. ಅತ್ತೆಯವರ ಎದುರಿಗೇ ಅಷ್ಟು ಗಟ್ಟಿಯಾಗಿ ನಿಲ್ಲುವುದು ಸುಲಭವಲ್ಲ. ನಮ್ಮ ಕಡೆಯ ಹೆಂಗಸರಿಗೆ ಆ ಧೈರ್ಯ ಇನ್ನೂ ಬಂದಿಲ್ಲ. ಮನೆಯಲ್ಲಿ ಅಮ್ಮನಿಗೂ ಹೇಳಿದೆ.

ಹೆಚ್ಚು ಮಾತಾಡಿದ್ದರೆ ಕ್ಷಮಿಸಿ.

ಇತಿ,
ಅಭಿಜ್ಞಾ


ಶಿರಸಿ
3 ಡಿಸೆಂಬರ್ 2024

ಅಭಿಜ್ಞಾ ಅವರಿಗೆ ಶರಣು.

ಉತ್ತರ ತಡವಾಯಿತು. ಮದುವೆ ಸೀಸನ್, ಅಂಗಡಿಯಲ್ಲಿ ನಿಲ್ಲಲು ಜಾಗವಿಲ್ಲ. ನಿಮ್ಮ ಪತ್ರ ಗಲ್ಲೆಯ ಕೆಳಗೆ ಇಟ್ಟಿದ್ದೆ. ನೀವು ಬರೆದದ್ದನ್ನು ಓದಿದೆ.

ಗೋಡೆಯ ಬಗ್ಗೆ ಅತ್ತೆಯನ್ನು ಇನ್ನೂ ಕೇಳಿಲ್ಲ. ಕೇಳುವುದೂ ಇಲ್ಲ. ನೀವು ಎದುರು ಗೋಡೆಗೇ ಮಾಡಿ. ಕೆಲಸ ಶುರು ಮಾಡಿ.

ದೀಪ ಇರಲಿ.

ಶೈಲಾ


ಅರಬೈಲ್
7 ಡಿಸೆಂಬರ್ 2024

ಶೈಲಾ ಮೇಡಂ,

ಅಂತೂ ಗೋಡೆ ನನಗೆ ಬಿಟ್ಟುಕೊಟ್ಟಿರಿ. ಮೂರು ವಾರ ಉತ್ತರವಿಲ್ಲದ್ದು ನೋಡಿ, ಕೆಲಸ ಬೇರೆಯವರಿಗೆ ಹೋಯಿತೆಂದೇ ತಿಳಿದಿದ್ದೆ. ಮಂಜಪ್ಪ ನಿನ್ನೆಯೇ ಹಲಗೆ ಕೊಯ್ಯಲು ಶುರು ಮಾಡಿದ್ದಾರೆ.

ಫೋಟೋದ ಗೂಡಿಗೆ ಮಾತ್ರ ಪ್ಲೈವುಡ್ ಬೇಡ, ಸಾಗವಾನಿಯದೇ ಚೌಕಟ್ಟು ಹಾಕೋಣ ಎನ್ನುತ್ತಿದ್ದಾರೆ ಅವರು. ಅದಕ್ಕೆ ಹೆಚ್ಚಿನ ಲೆಕ್ಕ ಬೇಡ, ಉಳಿದ ತುಂಡಿನಲ್ಲೇ ಆಗುತ್ತದೆ. ಕೆಳಗಿನ ಪಟ್ಟಿಯ ಮೇಲೆ ಅಕ್ಷರ ಕೆತ್ತಿಕೊಡುತ್ತಾರಂತೆ. ಮಾವನವರ ಫೋಟೋದ ಕೆಳಗೆ ಜನನ, ಲಿಂಗೈಕ್ಯ ಎಂದು ಎರಡು ತೇದಿ ಇವೆಯಲ್ಲ, ಅದೇ ರೀತಿ. ಯಜಮಾನರ ಪೂರ್ತಿ ಹೆಸರು ಮತ್ತು ಎರಡೂ ತೇದಿ ಒಂದು ಚೀಟಿಯಲ್ಲಿ ಬರೆದು ಕಳಿಸಿ. ಕೆತ್ತಿದ ಮೇಲೆ ಅಳಿಸಲು ಬರುವುದಿಲ್ಲ, ಆದ್ದರಿಂದ ಸರಿಯಾಗಿ ನೋಡಿ ಬರೆಯಿರಿ.

ದೀಪದ ಬಣ್ಣ ಕೆಂಪೋ, ಹಳದಿಯೋ?

ಇತಿ,
ಅಭಿಜ್ಞಾ


ಶಿರಸಿ
16 ಡಿಸೆಂಬರ್ 2024

ಅಭಿಜ್ಞಾ,

ಹೆಸರು ಪರಮೇಶ್ವರಪ್ಪ. ಹುಟ್ಟಿದ್ದು 12 ಜೂನ್ 1964. ಎರಡನೇ ತೇದಿ ಇಲ್ಲ.

ಮರೆತಿದ್ದೇನೆ ಎಂದಲ್ಲ. ಅವರು ಸತ್ತಿದ್ದಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. 2017ರ ದಸರೆ ಕಳೆದ ಮೇಲೆ, ಸೀಸನ್ನಿಗೆ ಪಾತ್ರೆ ಆರ್ಡರ್ ಕೊಟ್ಟು ಬರುತ್ತೇನೆ ಎಂದು ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋದರು. ಆರ್ಡರ್ ಕೊಟ್ಟಿದ್ದಾರೆ. ಅಂಗಡಿಯವರ ಜೊತೆ ಚಹಾ ಕುಡಿದಿದ್ದಾರೆ. ಆ ವಾರದಲ್ಲೇ ಲಾರಿಯಲ್ಲಿ ಪಾತ್ರೆ ಬಂದವು. ಹೇಳಿದ್ದಷ್ಟೂ ಬಂದವು, ಒಂದು ತಾಟು ಕೂಡ ಹೆಚ್ಚುಕಡಿಮೆ ಇರಲಿಲ್ಲ. ಅವರು ಬರಲಿಲ್ಲ. ಮನೆಯಲ್ಲಿ ಜಗಳ ಇರಲಿಲ್ಲ. ಹೊರಗೆ ಸಾಲ ಇರಲಿಲ್ಲ. ಪೊಲೀಸರು ಕೇಳಿದ್ದನ್ನೆಲ್ಲ ನಾನೂ ನನ್ನನ್ನೇ ಕೇಳಿಕೊಂಡಿದ್ದೇನೆ. ಪಾತ್ರೆಗಳನ್ನು ಮಾರಿದೆ. ಸೀಸನ್ ಇತ್ತು.

ನೀವು ನೋಡಿದ ಫೋಟೋ, ಪೇಪರಿನಲ್ಲಿ ‘ಕಾಣೆಯಾಗಿದ್ದಾರೆ’ ಎಂದು ಹಾಕಿಸಲು ದೊಡ್ಡದು ಮಾಡಿಸಿದ್ದು. ಸ್ಟುಡಿಯೋದವನು ಕೇಳದೆಯೇ ಫ್ರೇಮ್ ಹಾಕಿ ಕೊಟ್ಟಿದ್ದ. ಒಬ್ಬರದೇ ಫೋಟೋವನ್ನು ಅಷ್ಟು ದೊಡ್ಡದು ಮಾಡಿಸಿದರೆ ಯಾತಕ್ಕೆಂದು ಅವನಿಗೂ ಗೊತ್ತು, ನಿಮಗೂ ಗೊತ್ತು. ಬದುಕಿರುವವನ ಫೋಟೋ ಗೋಡೆಗೆ ಹಾಕಬಾರದೆಂದು ಅತ್ತೆ ಬಿಡಲಿಲ್ಲ. ಕಪಾಟಿನೊಳಗೆ ಮುಚ್ಚಿಡಲು ನಾನು ಒಪ್ಪಲಿಲ್ಲ. ಹಾಗೆ ಫ್ರಿಜ್ಜಿನ ಮೇಲೆ ನಿಂತಿತು. ನನ್ನ ಕುಂಕುಮಕ್ಕೆ ಯಾವ ಧೈರ್ಯವೂ ಬೇಕಾಗಿರಲಿಲ್ಲ, ಅಭಿಜ್ಞಾ. ತೆಗೆಯಲು ಕಾರಣ ಸಿಕ್ಕಿಲ್ಲ, ಅಷ್ಟೇ.

ಟಿವಿ ಬಾಗಿಲ ಪಕ್ಕದಲ್ಲಿದೆ. ಟಿವಿ ನೋಡುವ ಹಾಗೆ ಕೂತರೆ ಬಾಗಿಲು ಕಾಣುತ್ತದೆ. ಅತ್ತೆ ನೋಡುವುದು ಬಾಗಿಲನ್ನು. ಧ್ವನಿ ಸಣ್ಣಗೆ ಮಾಡುವುದು ಗೇಟಿನ ಸದ್ದು ಕೇಳಲಿ ಎಂದು. ಈ ಮಾತನ್ನು ಇಷ್ಟು ವರ್ಷಗಳಲ್ಲಿ ಅವರು ಹೇಳಿಲ್ಲ, ನಾನೂ ಕೇಳಿಲ್ಲ. ನಾನು ಅಂಗಡಿಯಿಂದ ಬಂದು ಅವರ ಪಕ್ಕ ಅದೇ ದಿಕ್ಕಿಗೆ ಕೂರುತ್ತೇನೆ. ನಾನು ಬೇರೆ ಕಡೆ ತಿರುಗಿದರೆ ಮಗನನ್ನು ನಾನೇ ಕೈಬಿಟ್ಟೆ ಎಂದು ಅವರಿಗೆ ಅನಿಸುತ್ತದೆ ಎಂದು ನನಗೆ ಅನಿಸುತ್ತದೆ. ಅದಕ್ಕೇ ಗೋಡೆ ಬೇಡ ಎಂದದ್ದು. ಅದಕ್ಕೇ ಫೋನೂ ಬೇಡ ಎಂದದ್ದು. ಹಾಲಿನಲ್ಲಿ ಆಡಿದ ಮಾತೆಲ್ಲ ಅವರಿಗೆ ಕೇಳುತ್ತದೆ.

ಈಗ ಸಿದ್ದಾಪುರದವರು ಒಂದು ಪ್ರಶ್ನೆ ಕಳಿಸಿದ್ದಾರೆ. ಮನೆಯಲ್ಲಿ ಯಜಮಾನರಿಲ್ಲ ಎಂದಷ್ಟೇ ಅವರಿಗೆ ಗೊತ್ತು. ಮದುವೆ ಕಾರ್ಡಿನಲ್ಲಿ ಹುಡುಗಿಯ ತಂದೆಯ ಹೆಸರಿಗೆ ‘ಲಿಂ.’ ಸೇರಿಸಬೇಕೋ ಬೇಡವೋ. ಲಿಂಗೈಕ್ಯರಾದವರಿಗೆ ನಮ್ಮಲ್ಲಿ ಹಾಗೆ ಹಾಕುತ್ತಾರೆ. ಹಾಕಿದರೆ ಸತ್ತರೆಂದು ನಾನೇ ಹೇಳಿದ ಹಾಗೆ. ಹಾಕದಿದ್ದರೆ ಮಂಟಪದಲ್ಲಿ, ಎಲ್ಲಿ ಅವರು ಎಂದು ಕೇಳುತ್ತಾರೆ. ಏಳು ವರ್ಷ ಪತ್ತೆ ಇಲ್ಲದಿದ್ದರೆ, ಸತ್ತರೆಂದು ಬರೆಸಿಕೊಳ್ಳಲು ಕೋರ್ಟಿಗೆ ಅರ್ಜಿ ಕೊಡಬಹುದು ಎಂದು ನನ್ನ ಅಣ್ಣ ಹೇಳುತ್ತಾನೆ. ತನುಜಾ, ‘ಅಮ್ಮಾ, ಏನರ ಒಂದು ಬರಸು, ನನಗ ಎರಡೂ ಒಂದs’ ಅಂದಳು. ಪಾತ್ರೆಯ ಮೇಲೆ ಹೆಸರು ಕೊರೆಯುವ ಮೆಶಿನ್ ಇರುವುದು ನನ್ನ ಕೈಯಲ್ಲೇ. ಎಷ್ಟೋ ಜನರ ಅಪ್ಪಂದಿರಿಗೆ ‘ಲಿಂ.’ ಕೊರೆದಿದ್ದೇನೆ. ನನ್ನ ಮಗಳ ಪಾತ್ರೆಗಳು ಮಾತ್ರ ಹೆಸರಿಲ್ಲದೆ ಕೂತಿವೆ.

ನಿಮ್ಮ ಮೊದಲ ಡ್ರಾಯಿಂಗಿನಲ್ಲಿ ಆ ದೀಪ ಕಂಡಾಗ ಕೋಪ ಬರಲಿಲ್ಲ. ದುಃಖವೂ ಆಗಲಿಲ್ಲ. ನನಗೆ ಈಗ ಹೆಚ್ಚಾಗಿ ಏನೂ ಆಗುವುದಿಲ್ಲ. ಜೋಮು ಹಿಡಿದ ಕೈಯಲ್ಲಿ ಪಾತ್ರೆ ಹಿಡಿದ ಹಾಗೆ, ಬಿಸಿಯೋ ತಣ್ಣಗೋ ತಿಳಿಯುವುದಿಲ್ಲ. ಯಾರೋ ಹೊರಗಿನವರು ಬಂದು, ನೋಡಿ, ತೀರ್ಮಾನ ಮಾಡಿಬಿಟ್ಟರಲ್ಲ ಎನಿಸಿತು. ಹಾಲಿನಲ್ಲಿ ದೀಪ ಉರಿಯುತ್ತಿದ್ದರೆ ಬಂದವರು ನೋಡಿಕೊಳ್ಳುತ್ತಾರೆ. ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅದಕ್ಕೇ ನಿಮ್ಮನ್ನು ತಿದ್ದಲಿಲ್ಲ.

ಆದರೆ ತೇದಿ ಎಲ್ಲಿಂದ ತರಲಿ?

ಶೈಲಾ


ಅರಬೈಲ್
20 ಡಿಸೆಂಬರ್ 2024

ಶೈಲಕ್ಕ,

ಹಾಗೆ ಕರೆಯಬಹುದಲ್ಲ? ಮೇಡಂ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ.

ನಿಮ್ಮ ಪತ್ರವನ್ನು ವರ್ಕ್‌ಶಾಪಿನಲ್ಲಿ ನಿಂತುಕೊಂಡೇ ಓದಿದೆ. ಆಮೇಲೆ ನನ್ನ ನವೆಂಬರಿನ ಪತ್ರದಲ್ಲಿ ಏನೇನು ಬರೆದಿದ್ದೆ ಎಂದು ನೆನಪು ಮಾಡಿಕೊಂಡೆ. ಧೈರ್ಯ, ಗೌರವ. ನಾಚಿಕೆಯಿಂದ ಮಂಜಪ್ಪನ ಎದುರಿಗೂ ನಿಲ್ಲಲಾಗಲಿಲ್ಲ. ಅಮ್ಮನಿಗೆ ಹೇಳಿದರೆ, ಅವಳು ಹಿಟ್ಟು ನಾದುತ್ತಿದ್ದವಳು ತಲೆ ಎತ್ತದೆ, ‘ದೀಪ ಬರೆಯಕ್ಕಾದ್ರೆ ಒಂದು ಮಾತು ಕೇಳಲೆ ಎಂತ ಆಗಿತ್ತು ನಿಂಗೆ?’ ಎಂದಳು. ಏನೂ ಆಗಿರಲಿಲ್ಲ. ಗೊತ್ತಿದೆ ಎಂದುಕೊಂಡಿದ್ದೆ. ಫೋಟೋದ ಅಳತೆ ನೋಡಿ ಮನುಷ್ಯನ ವಿಷಯ ತೀರ್ಮಾನ ಮಾಡಿದೆ. ತಪ್ಪಾಯಿತು, ಶೈಲಕ್ಕ.

ಈಗ ಏನು ಮಾಡಬಹುದು ಎಂದು ಹೇಳುತ್ತೇನೆ. ದೀಪ ತೆಗೆಯಬಹುದು. ವೈರಿಗೆ ತೂತು ಕೊರೆದಾಗಿದೆ, ಅದನ್ನು ಮರದ ಬಿಲ್ಲೆಯಿಂದ ಮುಚ್ಚಿದರೆ ಗುರುತು ಉಳಿಯುವುದಿಲ್ಲ. ಗೂಡಿನಲ್ಲಿ ಹೂದಾನಿ ಇಡಬಹುದು. ಟಿವಿ ಬಾಗಿಲ ಪಕ್ಕದಲ್ಲೇ ಇರಬೇಕೆಂದರೆ ಕಪಾಟು ಕಿರಿದು ಮಾಡಿ ಅಲ್ಲಿಗೇ ಹೊಂದಿಸುತ್ತೇನೆ. ಕದ ಬಡಿಯದಂತೆ ರಬ್ಬರಿನ ಬಿರಡೆ ಹಾಕಿದರಾಯಿತು. ಮೊದಲು ಆಗುವುದಿಲ್ಲ ಎಂದದ್ದು ನನ್ನ ಹಟಕ್ಕೆ. ಎರಡನೇ ಡ್ರಾಯಿಂಗ್ ಈ ಕವರಿನಲ್ಲಿದೆ. ಮಾಡಿದ ಕೆಲಸ ಹಾಳಾಗುತ್ತದೆ ಎಂದು ಯೋಚಿಸಬೇಡಿ, ಆ ಹಲಗೆಗಳು ಬೇರೆ ಕಡೆ ಬರುತ್ತವೆ.

ನೀವು ಹೇಳುವವರೆಗೆ ಕೆಲಸ ನಿಲ್ಲಿಸಿದ್ದೇನೆ.

ನಿಮ್ಮ,
ಅಭಿಜ್ಞಾ


ಶಿರಸಿ
27 ಡಿಸೆಂಬರ್ 2024

ತಂಗಿ ಅಭಿಜ್ಞಾ,

ಕೆಲಸ ನಿಲ್ಲಿಸಬೇಡ. ಮೊದಲನೇ ಡ್ರಾಯಿಂಗೇ ಇರಲಿ. ಎದುರು ಗೋಡೆ, ದೀಪ, ಎಲ್ಲ. ಪಟ್ಟಿಯ ಮೇಲೆ ಏನೂ ಕೆತ್ತಿಸಬೇಡ. ಬಣ್ಣ ಹಳದಿ.

ನೀನು ಕ್ಷಮೆ ಕೇಳಬೇಕಾಗಿಲ್ಲ. ಯಾರಾದರೂ ಒಬ್ಬರು ಆ ತಪ್ಪು ಮಾಡಲಿ ಎಂದು ನಾನು ಕಾಯುತ್ತಿದ್ದೆನೋ ಏನೋ. ನಾನಾಗಿ ಆ ಫೋಟೋಕ್ಕೆ ದೀಪ ಹಚ್ಚಿದ್ದರೆ ಅತ್ತೆಯ ಮುಖ ನೋಡಲಾಗುತ್ತಿರಲಿಲ್ಲ. ಈಗ ‘ಯುನಿಟ್ ಹಂಗs ಬಂತ್ರಿ, ಅದರಾಗ ದೀಪಾನೂ ಇತ್ತು’ ಎನ್ನಬಹುದು. ಟಿವಿ ಎದುರು ಗೋಡೆಗೆ ಹೋದರೆ ಅವರ ಕುರ್ಚಿ ತಿರುಗಬೇಕು, ಬಾಗಿಲಿಗೆ ಬೆನ್ನಾಗಬೇಕು. ಅದಕ್ಕೂ, ‘ಡಿಸೈನ್ ಹಂಗ ಐತ್ರಿ’ ಎನ್ನಬಹುದು. ಎಲ್ಲ ನಿನ್ನ ತಲೆಗೆ ಕಟ್ಟುತ್ತೇನೆ. ಬೇಸರ ಪಡಬೇಡ.

ನನಗೆ ಹೆದರಿಕೆ ಇರುವುದು ಒಂದೇ. ಕುರ್ಚಿ ತಿರುಗಿಸುವಾಗ ಅವರು ಏಳುವುದಿಲ್ಲ ಎಂದರೆ? ಅವರನ್ನು ಕೂರಿಸಿಕೊಂಡೇ ತಿರುಗಿಸಲು ನನ್ನ ಕೈಲಾಗುವುದಿಲ್ಲ. ಹೊರಗಿನವರು ಬಂದು ಸೇರುವ ದಿನ ಅವರು ಬಾಗಿಲ ಕಡೆ ಮುಖ ಮಾಡಿ ಕೂತು, ‘ನನ್ನ ಮಗಾ ಬರ್ತಾನ’ ಎಂದರೆ ತನುಜಾಳ ಮದುವೆ ಅಲ್ಲಿಗೇ ನಿಲ್ಲುತ್ತದೆ. ಹಾಗೆ ಅಂದರೂ ನಾನು ಅವರ ಮೇಲೆ ಸಿಟ್ಟಾಗಲಾರೆ.

ಶೈಲಾ


ಅರಬೈಲ್
9 ಜನವರಿ 2025

ಶೈಲಕ್ಕ,

ಯುನಿಟ್ ಶನಿವಾರ ಬರುತ್ತದೆ. ಮಂಜಪ್ಪ ಪಿಕಪ್ ಗಾಡಿಯಲ್ಲಿ ತರುತ್ತಾರೆ, ಮಧ್ಯಾಹ್ನದೊಳಗೆ ಕೂರಿಸಿ ಮುಗಿಸುತ್ತಾರೆ. ಅವರಿಗೆ ನಾನು ಏನೂ ಹೇಳಿಲ್ಲ. ಕುರ್ಚಿ ಸರಿಸುವ ಮೊದಲು ಅಜ್ಜಿಯನ್ನು ಕೇಳಿ ಎಂದಷ್ಟೇ ಹೇಳಿದ್ದೇನೆ.

ದೀಪದ ಸ್ವಿಚ್ಚನ್ನು ಸೆಟ್‌ಟಾಪ್ ಬಾಕ್ಸಿನ ಹಿಂದೆ ಕೊಟ್ಟಿದ್ದೇನೆ, ಹೊರಗೆ ಕಾಣುವುದಿಲ್ಲ. ಹಚ್ಚುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಬೇಡವೆನಿಸಿದರೆ ಮುಚ್ಚಲು ಮರದ ಬಿಲ್ಲೆಯನ್ನೂ ಡ್ರಾವರಿನಲ್ಲಿ ಇಟ್ಟಿದ್ದೇನೆ.

ಯುನಿಟ್ಟಿನ ಜೊತೆ ತಲೆಬಾಗಿಲಿಗೆ ಒಂದು ಕರ್ಟನ್ ಕಳಿಸಿದ್ದೇನೆ. ಕಂದು ಬಣ್ಣ, ಒಳಗೆ ಅಸ್ತರಿ ಹೊಲಿಸಿದೆ. ಇದು ನನ್ನ ಲೆಕ್ಕದ್ದು, ತನುಜಾಗೆ ಉಡುಗೊರೆ ಎಂದುಕೊಳ್ಳಿ. ಸಂಜೆ ಹೊತ್ತು ಅದನ್ನು ಎಳೆದಿಟ್ಟರೆ ಟಿವಿಯ ಗಾಜಿನಲ್ಲಿ ಬಾಗಿಲು ಕಾಣುವುದಿಲ್ಲ. ಅತ್ತೆಯವರಿಗೆ ಹಿಂತಿರುಗಿ ನೋಡಬೇಕೆಂದು ಅನಿಸದ ಹಾಗೆ ಮಾಡಲು ನನಗೆ ತಿಳಿದ ಉಪಾಯ ಇಷ್ಟೇ.

ನಾನೂ ಬರಬೇಕೆಂದಿದ್ದೆ. ಬರುವ ಧೈರ್ಯ ಆಗಲಿಲ್ಲ. ಆ ಕುರ್ಚಿ ತಿರುಗುವುದನ್ನು ನೋಡಲು ನನ್ನಿಂದ ಆಗದು.

ನಿಮ್ಮ,
ಅಭಿಜ್ಞಾ


ಶಿರಸಿ
19 ಜನವರಿ 2025

ತಂಗಿ ಅಭಿಜ್ಞಾ,

ಯುನಿಟ್ ಚೆನ್ನಾಗಿ ಕೂತಿದೆ. ಬಾಗಿಲುಗಳೆಲ್ಲ ಸರಿಯಾಗಿ ಮುಚ್ಚುತ್ತವೆ. ಮಂಜಪ್ಪನಿಗೆ ಊಟ ಹಾಕಿ ಕಳಿಸಿದೆ.

ಯುನಿಟ್ ಬಂದ ಶನಿವಾರ ನಡೆದದ್ದನ್ನು ಮೊದಲು ಹೇಳುತ್ತೇನೆ. ಮಂಜಪ್ಪ ಕೆಲಸ ಮುಗಿಸಿ, ಅತ್ತೆಯ ಮುಂದೆ ಬಗ್ಗಿ, ‘ಅಜ್ಜಿ, ಕುರ್ಚಿ ಸ್ವಲ್ಪ ಆ ಕಡೆ ತಿರುಗ್ಸಲಾ? ಇಲ್ದಿದ್ರೆ ನಿಮಗೆ ಟಿವಿ ಕಾಣೋದಿಲ್ಲ’ ಎಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅತ್ತೆ ತಾವೇ ಕೋಲು ಊರಿ ಎದ್ದರು. ‘ನನ್ನೇನ ಕೇಳ್ತೀರಿ, ತಿರುಗಸ್ರಿ. ಈಕಿ ಬಾಗಲಾ ನೋಡ್ತಾಳ ಅಂತ ನಾನೂ ಆ ಕಡೆ ಮುಖಾ ಮಾಡಿ ಕುಂತಿದ್ದೆ. ಆ ಬಿಸಲಿನಾಗ ಕುಂದ್ರೂ ಹೌಸಿ ನನಗ ಇತ್ತೇನು?’ ಎಂದರು. ನನ್ನ ಕಡೆ ನೋಡಲಿಲ್ಲ. ಕುರ್ಚಿ ತಿರುಗಿತು. ಅವರು ಬಾಗಿಲಿಗೆ ಬೆನ್ನು ಹಾಕಿ ಕೂತರು. ಅಷ್ಟೇ.

ನಾನು ಅವರಿಗಾಗಿ ನೋಡುತ್ತಿದ್ದೆ, ಅವರು ನನಗಾಗಿ ನೋಡುತ್ತಿದ್ದರು ಎಂದಾಯಿತಲ್ಲ. ಇದನ್ನು ಕೇಳಿ ಅಳು ಬರಬೇಕಿತ್ತು ಅಥವಾ ನಗು ಬರಬೇಕಿತ್ತು. ನಾನು ಒಳಗೆ ಹೋಗಿ ಅನ್ನಕ್ಕೆ ನೀರಿಟ್ಟೆ.

ಫೋಟೋವನ್ನು ಗೂಡಿನಲ್ಲಿ ಇಟ್ಟದ್ದು ನಾನು. ಸ್ವಿಚ್ ಎಲ್ಲಿದೆ ಎಂದು ಕೇಳಿ ದೀಪ ಹಚ್ಚಿದ್ದು ಅವರು.

ಸಿದ್ದಾಪುರದವರು ಗುರುವಾರ ಬಂದಿದ್ದರು. ಒಳ್ಳೆಯ ಜನ. ಹುಡುಗನ ತಂದೆ ಫೋಟೋ ನೋಡಿ ಎರಡೂ ಕೈ ಮುಗಿದರು, ಏನೂ ಕೇಳಲಿಲ್ಲ. ತಾಯಿ ಮಾತ್ರ ಹತ್ತಿರ ಹೋಗಿ, ‘ತೇದಿ ಬರ್ಸಿಲ್ವಲ್ಲ, ಯಾವ ವರ್ಷ ಆಗಿದ್ದು?’ ಎಂದರು. ತನುಜಾ ಚಹಾದ ಟ್ರೇ ಹಿಡಿದು ಹಾಗೇ ನಿಂತಳು. ಅತ್ತೆ ಕುರ್ಚಿಯಲ್ಲೇ ಕೂತು, ‘ನಮ್ಮ ಮನ್ಯಾಗ ಫೋಟೋದ ಕೆಳಗ ತೇದಿ ಬರಿಯೂ ಪದ್ಧತಿ ಇಲ್ರಿ. ಚಾ ಆರತೈತಿ, ತಗೋರಿ’ ಎಂದರು. ನಾನು ದೇವರ ಕೋಣೆಯ ಪಕ್ಕದ ಗೋಡೆ ನೋಡಿದೆ. ಮಾವನವರ ಫೋಟೋ ಅಲ್ಲಿರಲಿಲ್ಲ. ಬೆಳಿಗ್ಗೆ ನಾನು ಅಂಗಡಿಗೆ ಹೋಗಿ ಬರುವುದರೊಳಗೆ ಅತ್ತೆ ಅದನ್ನು ಇಳಿಸಿ, ತಮ್ಮ ಹಾಸಿಗೆಯ ಕೆಳಗೆ ಇಟ್ಟಿದ್ದರು. ಆ ವಯಸ್ಸಿನಲ್ಲಿ ಅಷ್ಟು ಎತ್ತರದಿಂದ ಹೇಗೆ ಇಳಿಸಿದರೋ.

ಮಾತು ಗಟ್ಟಿಯಾಯಿತು. ಕಾರ್ಡು ಅಚ್ಚಿಗೆ ಹೋಯಿತು. ‘ಲಿಂ.’ ಇದೆ. ತನುಜಾಳ ಪಾತ್ರೆಗಳಿಗೂ ನಾನೇ ಕೂತು ಹೆಸರು ಕೊರೆದೆ. ಕೈಗೆ ಏನೂ ಅನಿಸಲಿಲ್ಲ.

ಈಗ ಪತ್ರ ಬರೆಯಲು ಕಾರಣವಾದದ್ದನ್ನು ಹೇಳುತ್ತೇನೆ. ಬೀಗರು ಹೊರಟ ಮೇಲೆ ತನುಜಾ ಒಳಗೆ ಕಪ್ಪು ತೊಳೆಯುತ್ತಿದ್ದಳು. ಸಂಜೆ ಬಿಸಿಲು ಇನ್ನೂ ಇತ್ತು. ನಾನು ಹಾಲಿಗೆ ಬಂದರೆ, ನೀನು ಕಳಿಸಿದ ಕರ್ಟನ್ನನ್ನು ಅತ್ತೆ ಒಂದು ಬದಿಗೆ ಸರಿಸಿ, ಸೆರಗಿನ ಹಾಗೆ ಗಂಟು ಹಾಕಿ, ತಲೆಬಾಗಿಲನ್ನು ಪೂರ್ತಿ ತೆರೆದಿಟ್ಟಿದ್ದರು. ಮತ್ತೆ ಬಂದು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಪಾಪ, ಟಿವಿ ಹಚ್ಚಲು ರಿಮೋಟು ಸಿಕ್ಕಿಲ್ಲ ಎಂದುಕೊಂಡು ನಾನು ಕೈಗೆತ್ತಿಕೊಂಡೆ.

‘ಹಚ್ಚಬ್ಯಾಡ’ ಎಂದರು. ‘ಹಂಗs ಇರ್ಲಿ.’

ಆಗ ನಾನೂ ನೋಡಿದೆ. ನೀನು ಮೊದಲ ಪತ್ರದಲ್ಲೇ ಬರೆದಿದ್ದೆ. ಕಪ್ಪು ಗಾಜಿನಲ್ಲಿ ನಮ್ಮ ಬಾಗಿಲು ಪೂರ್ತಿ ಇತ್ತು. ಹೊಸ್ತಿಲು, ಅದರಾಚೆ ಗೇಟು, ರಸ್ತೆಯ ತುಂಡು, ಬಿಸಿಲು. ಸೈಕಲ್ಲಿನಲ್ಲಿ ಯಾರೋ ಹೋದರು. ಎಡಗಡೆ ಗೂಡಿನಲ್ಲಿ ಅವರ ಫೋಟೋದ ಮೇಲೆ ಹಳದಿ ದೀಪ ಉರಿಯುತ್ತಿತ್ತು. ಅತ್ತೆ ಅದನ್ನು ನೋಡುತ್ತಿರಲಿಲ್ಲ.

ಯುನಿಟ್ ಬಂದ ದಿನ ಹೇಳಿದ ಮಾತನ್ನು ಅವರು ನನಗೋಸ್ಕರ ಹೇಳಿದ್ದರು.

ನಾನು ರಿಮೋಟು ಕೆಳಗಿಟ್ಟು ಅವರ ಪಕ್ಕ ಕೂತೆ. ಬಿಸಿಲು ಹೋಗುವವರೆಗೂ ಇಬ್ಬರೂ ಟಿವಿ ನೋಡಿದೆವು.

ಕರ್ಟನ್ನನ್ನು ಮಡಚಿ ಇದೇ ಕಂಡಕ್ಟರ ಕೈಲಿ ವಾಪಸು ಕಳಿಸುತ್ತಿದ್ದೇನೆ. ಬಟ್ಟೆ ಚೆನ್ನಾಗಿದೆ, ಬೇರೆ ಯಾರ ಮನೆಗಾದರೂ ಬರುತ್ತದೆ.

ನಿನ್ನ ಅಕ್ಕ,
ಶೈಲಾ